ಬ್ಯಾಂಬೂ: ಎರಡು ವೈನ್, ಒಂದಿಷ್ಟು ಗಾಳಿ, ಒಂದಿಷ್ಟು ನೀರು

ಇವತ್ತು ಒಂದೇ ಒಂದು ಡ್ರಿಂಕ್ ಬಗ್ಗೆ ಮಾತಾಡುತ್ತೇನೆ. ಹೆಸರು ಬ್ಯಾಂಬೂ. ಇದರಲ್ಲಿ ವಿಸ್ಕಿ ಇಲ್ಲ, ರಮ್ ಇಲ್ಲ, ಜಿನ್ನೂ ಇಲ್ಲ. ಇರುವುದು ಎರಡು ವೈನ್. ಒಂದು ಸ್ಪೇನಿನ ಫಿನೋ ಶೆರಿ, ಇನ್ನೊಂದು ಫ್ರಾನ್ಸಿನ ಡ್ರೈ ವರ್ಮುತ್, ಅಂದರೆ ಗಿಡಮೂಲಿಕೆ ಹಾಕಿದ, ಸಿಹಿ ಕಡಿಮೆ ಇರುವ ವೈನ್. ಜೊತೆಗೆ ಕೆಲವು ಹನಿ ಬಿಟರ್ಸ್, ಅಂದರೆ ಬೇರು, ಸಿಪ್ಪೆ, ಮಸಾಲೆಗಳ ಕಹಿ ಸಾರ. ಐಸ್ ಹಾಕಿ ತಿರುಗಿಸಿ, ಸೋಸಿ, ನಿಂಬೆ ಸಿಪ್ಪೆ ಹಿಂಡಿದರೆ ಮುಗಿಯಿತು. ಇಷ್ಟಕ್ಕೆ ಇಷ್ಟು ಹೊತ್ತು ಮಾತು ಬೇಕಾ ಅಂತ ಅನ್ನಿಸಬಹುದು. ಬೇಕು. ವಿಸ್ಕಿ ಹಾಕಿದ ಕಾಕ್‌ಟೇಲ್‌ನಲ್ಲಿ ಸಣ್ಣಪುಟ್ಟ ತಪ್ಪು ಆ ಖಾರದಲ್ಲಿ ಮುಚ್ಚಿಹೋಗುತ್ತದೆ. ಇದರಲ್ಲಿ ಯಾವುದೂ ಮುಚ್ಚುವುದಿಲ್ಲ. ವೈನ್ ಹಳತಾಗಿದ್ದರೆ ಗೊತ್ತಾಗುತ್ತದೆ, ಐಸ್ ವಾಸನೆ ಹಿಡಿದಿದ್ದರೆ ಗೊತ್ತಾಗುತ್ತದೆ, ನೀರು ಎರಡು ಚಮಚ ಜಾಸ್ತಿ ಆಗಿದ್ದರೂ ಗೊತ್ತಾಗುತ್ತದೆ.

ಮೊದಲು ಲೆಕ್ಕ ನೋಡಿಬಿಡೋಣ. ನಮ್ಮ ಬಾರ್‌ಗಳಲ್ಲಿ ಸ್ಮಾಲ್ ಅಂದರೆ 30 ಎಂಎಲ್, ಲಾರ್ಜ್ ಅಂದರೆ 60. ‘ನೈಂಟಿ’ ಅಂದರೆ ಏನು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನಮ್ಮ ದೇಶದ ವಿಸ್ಕಿ, ರಮ್ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಇರುವಂಥವು. ಹಾಗಾಗಿ ಒಂದು ನೈಂಟಿಯಲ್ಲಿ ಅಪ್ಪಟ ಆಲ್ಕೋಹಾಲ್ 38.5 ಎಂಎಲ್ ಆಯಿತು. ಬ್ಯಾಂಬೂ ಕೂಡ ಒಂದು ನೈಂಟಿಯೇ. 45 ಎಂಎಲ್ ಶೆರಿ, 45 ಎಂಎಲ್ ವರ್ಮುತ್. ಶೆರಿ ಶೇ. 15, ವರ್ಮುತ್ ಶೇ. 18 ಅಂತ ಇಟ್ಟುಕೊಳ್ಳಿ. ಎರಡೂ ಸೇರಿ ಆಲ್ಕೋಹಾಲ್ 15 ಎಂಎಲ್ ಒಳಗೇ ನಿಲ್ಲುತ್ತದೆ. ಅಂದರೆ ವಿಸ್ಕಿಯ ಒಂದು ಸ್ಮಾಲ್‌ಗಿಂತ ತುಸು ಜಾಸ್ತಿ, ಅಷ್ಟೇ. ಕಡಿಮೆ ಅಂದ ಮಾತ್ರಕ್ಕೆ ಏನೂ ಇಲ್ಲ ಅಂತ ಅಲ್ಲ. ಕುಡಿದು ಗಾಡಿ ಓಡಿಸಬಹುದಾದ ಡ್ರಿಂಕ್ ಅಂತ ಯಾರೂ ತಿಳಿಯಬೇಡಿ. ಆದರೆ ಊಟಕ್ಕೆ ಮುಂಚೆ ಒಂದು ಗ್ಲಾಸ್ ಹಿಡಿದು ಕೂತು, ಮಾತಾಡಿ, ಆಮೇಲೆ ಊಟದ ರುಚಿ ಸರಿಯಾಗಿ ಸವಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಈಗ ಶೆರಿಗೆ ಬರೋಣ. ಇದು ಸ್ಪೇನಿನ ದಕ್ಷಿಣ ತುದಿಯ ವೈನ್. ಹೆರೆಸ್, ಸಾನ್‌ಲೂಕರ್, ಎಲ್ ಪುಯೆರ್ತೋ ದೆ ಸಾಂತಾ ಮರಿಯಾ ಅಂತ ಮೂರು ಊರುಗಳಿವೆ. ಅಟ್ಲಾಂಟಿಕ್ ಸಮುದ್ರ ಹತ್ತಿರದಲ್ಲೇ. ಅಲ್ಲಿನ ಮಣ್ಣು ಬೆಳ್ಳಗೆ, ಸುಣ್ಣದ ಅಂಶ ಜಾಸ್ತಿ. ಚಳಿಗಾಲದ ಮಳೆಯನ್ನು ಹೀರಿ ಬೇಸಿಗೆಗೆ ಅಂತ ಒಳಗೆ ಹಿಡಿದಿಟ್ಟುಕೊಳ್ಳುವ ಮಣ್ಣು ಅದು. ಬೆಳೆಯುವ ದ್ರಾಕ್ಷಿ ಪಾಲೊಮಿನೋ. ಈ ದ್ರಾಕ್ಷಿಯ ವೈನಿಗೆ ಅದರಷ್ಟಕ್ಕೆ ಹೇಳಿಕೊಳ್ಳುವಂಥ ರುಚಿ ಇಲ್ಲ. ಸಪ್ಪೆ. ಅದರ ಹಣೆಬರಹ ಬದಲಾಗುವುದು ಪೀಪಾಯಿಯೊಳಗೆ.

ಹೊಸ ವೈನಿಗೆ ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ ಸ್ಪಿರಿಟ್ ಸೇರಿಸಿ ಶೇ. 15ಕ್ಕೆ ತರುತ್ತಾರೆ. ಫೋರ್ಟಿಫೈಡ್ ವೈನ್ ಅನ್ನುವುದು ಇದನ್ನೇ. ಆಮೇಲೆ 600 ಲೀಟರಿನ ಓಕ್ ಪೀಪಾಯಿಗೆ ತುಂಬುತ್ತಾರೆ. ಆದರೆ ಪೂರ್ತಿ ತುಂಬುವುದಿಲ್ಲ. 500 ಲೀಟರ್ ಹಾಕಿ ಮೇಲೆ ಗಾಳಿಗೆ ಜಾಗ ಬಿಡುತ್ತಾರೆ. ಬೇರೆ ಊರುಗಳಲ್ಲಿ ವೈನ್ ಮಾಡುವವರು ಪೀಪಾಯಿಯಲ್ಲಿ ಗಾಳಿ ಕಂಡರೆ ಹೆದರುತ್ತಾರೆ. ಇಲ್ಲಿ ಬೇಕಂತಲೇ ಬಿಡುತ್ತಾರೆ. ಆ ಗಾಳಿಯಲ್ಲಿ, ವೈನಿನ ಮೇಲ್ಭಾಗದಲ್ಲಿ, ಯೀಸ್ಟ್ ಬೆಳೆದು ಒಂದು ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ಅವರು ಫ್ಲೋರ್ ಅನ್ನುತ್ತಾರೆ. ಕೆಲವು ಬೊಡೆಗಾಗಳಲ್ಲಿ, ಅಂದರೆ ಅಲ್ಲಿನ ವೈನ್ ಮನೆಗಳಲ್ಲಿ, ನೋಡುವವರಿಗೆ ಅಂತ ಒಂದು ಪೀಪಾಯಿಯ ಮುಖಕ್ಕೆ ಗಾಜು ಹಾಕಿಟ್ಟಿರುತ್ತಾರೆ. ಗಾಜಿನ ಹಿಂದೆ ತಿಳಿ ಬಂಗಾರದ ಬಣ್ಣದ ವೈನ್, ಅದರ ಮೇಲೆ ಸುಕ್ಕುಸುಕ್ಕಾದ, ಮಾಸಲು ಬಿಳಿಯ ಪದರ. ಚೂರುಗಳು ಕಳಚಿ ತಳಕ್ಕೆ ಬಿದ್ದಿರುವುದೂ ಕಾಣುತ್ತದೆ.

ಈ ಪದರ ಎರಡು ಕೆಲಸ ಮಾಡುತ್ತದೆ. ಒಂದು, ವೈನಿಗೆ ಗಾಳಿ ತಾಗದ ಹಾಗೆ ಕಾಯುತ್ತದೆ. ಅದಕ್ಕೇ ಫಿನೋ ವರ್ಷಗಟ್ಟಲೆ ಪೀಪಾಯಿಯಲ್ಲಿದ್ದರೂ ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಎರಡು, ಅದು ವೈನನ್ನು ತಿಂದೇ ಬದುಕುತ್ತದೆ. ಉಳಿದಿದ್ದ ಅಲ್ಪಸ್ವಲ್ಪ ಸಕ್ಕರೆ ತಿನ್ನುತ್ತದೆ, ನಾಲಿಗೆಗೆ ನುಣುಪು ಕೊಡುವ ಗ್ಲಿಸರಾಲ್ ತಿನ್ನುತ್ತದೆ, ಒಂಚೂರು ಆಲ್ಕೋಹಾಲನ್ನೂ ತಿನ್ನುತ್ತದೆ. ಪ್ರತಿಯಾಗಿ ಅಸಿಟಾಲ್ಡಿಹೈಡ್ ಬಿಟ್ಟುಕೊಡುತ್ತದೆ. ಹಸಿ ಬಾದಾಮಿ, ಹಸಿರು ಸೇಬಿನ ಸಿಪ್ಪೆಯಂಥ ಆ ವಾಸನೆ ಬರುವುದು ಅದರಿಂದಲೇ. ಹಾಗಾಗಿ ಫಿನೋ ನಾಲಿಗೆಗೆ ಒಣಒಣ, ಚುರುಕು, ಎಲ್ಲೋ ಉಪ್ಪು ತಾಗಿದ ಹಾಗೆ. ಸಾನ್‌ಲೂಕರ್ ಸಮುದ್ರಕ್ಕೆ ಅಂಟಿಕೊಂಡ ಊರು. ತೇವ ಜಾಸ್ತಿ ಇರುವುದರಿಂದ ಅಲ್ಲಿ ಫ್ಲೋರ್ ವರ್ಷವಿಡೀ ದಪ್ಪಗಿರುತ್ತದೆ. ಅಲ್ಲಿನ ಈ ವೈನನ್ನು ಮಂಜನಿಯಾ ಅನ್ನುತ್ತಾರೆ. ಬ್ಯಾಂಬೂಗೆ ಅದೂ ಆಗುತ್ತದೆ.

ಶೇ. 15 ಅನ್ನುವ ಅಂಕಿಯನ್ನು ಸುಮ್ನೆ ಆರಿಸಿದ್ದಲ್ಲ. ಸ್ಪಿರಿಟ್ ಇನ್ನಷ್ಟು ಸೇರಿಸಿ ಶೇ. 17 ದಾಟಿಸಿದರೆ ಫ್ಲೋರ್ ಬದುಕುವುದಿಲ್ಲ. ಗಾಳಿ ನೇರವಾಗಿ ತಾಗಿ ವೈನ್ ಕಂದಾಗುತ್ತದೆ, ಅಕ್ರೋಟಿನ ರುಚಿ ಬರುತ್ತದೆ. ಅದು ಒಲೊರೊಸೋ, ಬೇರೆಯೇ ಶೆರಿ. ಒಂದೇ ದ್ರಾಕ್ಷಿ, ಒಂದೇ ಊರು. ಎರಡು ಡಿಗ್ರಿ ಸ್ಪಿರಿಟ್ಟಿನ ವ್ಯತ್ಯಾಸದಲ್ಲಿ ಎರಡು ಬೇರೆ ಬೇರೆ ವೈನ್.

ಇನ್ನೊಂದು ವಿಷಯ. ಶೆರಿ ಬಾಟಲಿ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಪೀಪಾಯಿಗಳನ್ನು ಸಾಲುಸಾಲಾಗಿ ಇಟ್ಟಿರುತ್ತಾರೆ. ಅತಿ ಹಳೆಯ ಸಾಲಿನಿಂದ ಸ್ವಲ್ಪ ತೆಗೆದು ಬಾಟಲಿಗೆ ತುಂಬುತ್ತಾರೆ. ಆ ಖಾಲಿಯನ್ನು ಅದಕ್ಕಿಂತ ಎಳೆಯ ಸಾಲಿನಿಂದ ತುಂಬುತ್ತಾರೆ, ಅದರ ಖಾಲಿಯನ್ನು ಇನ್ನೂ ಎಳೆಯದರಿಂದ. ಯಾವ ಪೀಪಾಯಿಯೂ ಪೂರ್ತಿ ಬರಿದಾಗುವುದಿಲ್ಲ. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರೇ ಇವತ್ತಿನ ಹಾಲಿಗೆ ಹೆಪ್ಪಾಗುವ ಹಾಗೆ ಹಳತು ಹೊಸದಕ್ಕೆ ದಾರಿ ತೋರಿಸುತ್ತಾ ಹೋಗುತ್ತದೆ. ಇದಕ್ಕೆ ಸೊಲೆರಾ ಪದ್ಧತಿ ಅನ್ನುತ್ತಾರೆ. ಹೊಸ ವೈನ್ ಬಂದು ಸೇರಿದಾಗಲೆಲ್ಲ ಫ್ಲೋರ್‌ಗೆ ಹೊಸ ಆಹಾರ ಸಿಗುತ್ತದೆ, ಅದಕ್ಕೇ ಸಾಯದೆ ಉಳಿಯುತ್ತದೆ. ರುಚಿ ನೋಡುವುದಕ್ಕೆ ಒಂದು ವಿಶೇಷ ಸಾಧನ ಇದೆ, ವೆನೆನ್ಸಿಯಾ ಅಂತ. ಬಳುಕುವ ಉದ್ದನೆಯ ಕಡ್ಡಿ, ತುದಿಗೆ ಕಿರಿದಾದ ಒಂದು ಬಟ್ಟಲು. ಪೀಪಾಯಿಯ ತೂತಿನಲ್ಲಿ ನೇರವಾಗಿ, ಒಂದೇ ಏಟಿಗೆ ಇಳಿಸುತ್ತಾರೆ. ಬಟ್ಟಲು ಕಿರಿದಾಗಿರುವುದರಿಂದ ಪದರ ಹರಿಯದೆ ಒಂದು ಸಣ್ಣ ತೂತು ಬೀಳುತ್ತದೆ, ಕೆಳಗಿನ ತಿಳಿ ವೈನ್ ಮೇಲೆ ಬರುತ್ತದೆ. ಆಮೇಲೆ ಬಟ್ಟಲನ್ನು ತಲೆಯ ಎತ್ತರಕ್ಕೆ ಹಿಡಿದು, ಸೊಂಟದ ಹತ್ತಿರ ಇರುವ ಗ್ಲಾಸಿಗೆ ಹೊರಗೆ ಹನಿ ಬೀಳದ ಹಾಗೆ ಸುರಿಯುತ್ತಾರೆ. ನೋಡಲಿಕ್ಕೆ ಕಸರತ್ತು. ಆದರೆ ವೈನಿನ ವಾಸನೆ ಬಿಚ್ಚಿಕೊಳ್ಳುವುದು ಹಾಗೆ ಸುರಿದಾಗಲೇ.

ವರ್ಮುತ್ ಕಥೆ ಬೇರೆ. ಅದು ಗಿಡಮೂಲಿಕೆ ಹಾಕಿದ ವೈನ್. ಯುರೋಪಿನ ನಿಯಮದ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ವೈನ್ ಇರಲೇಬೇಕು, ಆಲ್ಕೋಹಾಲ್ ಶೇ. 14.5ರಿಂದ 22ರ ಒಳಗೆ ಇರಬೇಕು, ಮತ್ತು ಆರ್ಟೆಮಿಸಿಯಾ ಜಾತಿಯ ಗಿಡವನ್ನು ಹಾಕಲೇಬೇಕು. ಈ ಕೊನೆಯದು ನಮಗೆ ಹತ್ತಿರದ್ದು. ನಮ್ಮ ಹೂವಿನ ಮಾರ್ಕೆಟ್ಟಿನಲ್ಲಿ ಹಾರದ ಮಧ್ಯೆ ಕಟ್ಟುವ ದವನ ಇದೆಯಲ್ಲ, ಅದೂ ಆರ್ಟೆಮಿಸಿಯಾವೇ. ವರ್ಮುತ್‌ಗೆ ಹಾಕುವ ಕಹಿ ಗಿಡದ ಹತ್ತಿರದ ಸಂಬಂಧಿ. ದವನದ ಎಣ್ಣೆಗೆ ಹೆಸರಾದದ್ದೇ ನಮ್ಮ ದಕ್ಷಿಣದ ರಾಜ್ಯಗಳು, ಕರ್ನಾಟಕವೂ ಅದರಲ್ಲಿದೆ. ಹಾಗಾಗಿ ಡ್ರೈ ವರ್ಮುತ್ ಮೊದಲ ಸಲ ಮೂಸಿ ನೋಡುವವರಿಗೆ ನಾನು ಹೇಳುವುದಿಷ್ಟೇ: ದವನ ನೆನಪಿಸಿಕೊಳ್ಳಿ, ಅದರ ಸಿಹಿ ತೆಗೆದು ಕಹಿ ಸೇರಿಸಿ.

ಇಟಲಿಯ ಟ್ಯೂರಿನ್‌ನಲ್ಲಿ 1786ರಲ್ಲಿ ಆಂಟೋನಿಯೋ ಬೆನೆಡೆಟ್ಟೋ ಕಾರ್ಪಾನೋ ಶುರು ಮಾಡಿದ್ದು ಸಿಹಿ ವರ್ಮುತ್. ಫ್ರಾನ್ಸಿನ ಜೋಸೆಫ್ ನೋಯಿ 1813ರಲ್ಲಿ ಡ್ರೈ ಮಾಡಿದರು. ನೋಯಿ ಪ್ರಾ ಅನ್ನುವ ಹೆಸರಿನಲ್ಲಿ ಇವತ್ತೂ ಸಿಗುತ್ತದೆ. ಮಾರ್ಸೆಯಾನ್ ಅನ್ನುವ ಸಮುದ್ರದಂಚಿನ ಊರಿನಲ್ಲಿ ಅದಕ್ಕೆ ಬೇಕಾದ ವೈನ್ ಪೀಪಾಯಿಗಳನ್ನು ಬಯಲಿನಲ್ಲಿ, ಬಿಸಿಲು ಗಾಳಿ ಮಳೆಗೆ, ಸುಮಾರು ಒಂದು ವರ್ಷ ಬಿಡುತ್ತಾರೆ. ನೋಡಿ, ಇಲ್ಲೂ ಗಾಳಿಯದೇ ಕೆಲಸ. ಹೆರೆಸ್‌ನವರು ಗಾಳಿಯನ್ನು ಫ್ಲೋರ್ ಹತ್ತಿರ ತಡೆದು ನಿಲ್ಲಿಸಿದರು. ಮಾರ್ಸೆಯಾನ್‌ನವರು ಒಳಗೆ ಬಿಟ್ಟುಕೊಂಡರು. ಅದಕ್ಕೇ ನನಗೆ ಈ ಎರಡು ವೈನ್‌ಗಳ ಜೋಡಿ ಇಷ್ಟ. ಒಂದರಲ್ಲಿ ಇಲ್ಲದ ದುಂಡುತನ ಇನ್ನೊಂದರಲ್ಲಿದೆ. ಅದರಲ್ಲಿ ಇಲ್ಲದ ಉಪ್ಪು, ಚುರುಕು ಇದರಲ್ಲಿದೆ.

ಈ ಎರಡೂ ದೂರ ಪ್ರಯಾಣ ತಾಳಿಕೊಳ್ಳುವ ವೈನ್‌ಗಳು. ಸ್ಪಿರಿಟ್ ಸೇರಿರುವುದರಿಂದ ಹಡಗಿನ ಸೆಕೆಗೆ ಹುಳಿಯುವುದಿಲ್ಲ. ಹಳೆ ಕಾಲದಲ್ಲಿ ಶೆರಿ ಪೀಪಾಯಿಗಳನ್ನು ಹಡಗಿನಲ್ಲಿ ಇಂಡಿಯಾವರೆಗೆ ತಂದು ವಾಪಸ್ ಒಯ್ಯುತ್ತಿದ್ದರು. ಆ ಸೆಕೆ, ಆ ಕುಲುಕಾಟದಲ್ಲಿ ವೈನ್ ಇನ್ನೂ ರುಚಿಯಾಗುತ್ತದೆ ಅಂತ ನಂಬಿಕೆ. ಆ ನೆನಪಿಗೆ ‘ಈಸ್ಟ್ ಇಂಡಿಯಾ’ ಅನ್ನುವ ಸಿಹಿ ಶೆರಿ ಈಗಲೂ ಇದೆ. ಅದು ಬ್ಯಾಂಬೂಗೆ ಆಗುವುದಿಲ್ಲ. ಆದರೆ ಈ ಪ್ರಯಾಣದ ಗುಣ ನೆನಪಿಟ್ಟುಕೊಂಡರೆ ಬ್ಯಾಂಬೂ ಜಪಾನಿನ ಜೊತೆ ಯಾಕೆ ಸೇರಿಕೊಂಡಿತು ಅನ್ನುವುದು ಅರ್ಥವಾಗುತ್ತದೆ.

ಯೊಕೊಹಾಮಾ ಬಂದರನ್ನು ವಿದೇಶಿ ವ್ಯಾಪಾರಕ್ಕೆ ತೆರೆದದ್ದು 1859ರಲ್ಲಿ. ಅಲ್ಲಿ ವಿದೇಶಿಯರಿಗೆ ಅಂತಲೇ ಗ್ರ್ಯಾಂಡ್ ಹೋಟೆಲ್ ಇತ್ತು. 1890ರ ದಶಕದಲ್ಲಿ ಅದನ್ನು ನಡೆಸುತ್ತಿದ್ದವರು ಲೂಯಿಸ್ ಎಪಿಂಗರ್. ಜರ್ಮನಿಯಲ್ಲಿ ಹುಟ್ಟಿ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬಾರ್ ನಡೆಸಿ ಬಂದವರು. ಸ್ಯಾನ್ ಫ್ರಾನ್ಸಿಸ್ಕೋದ ಬಾರ್‌ಟೆಂಡರ್ ವಿಲಿಯಂ ಬೂತ್‌ಬಿ 1908ರಲ್ಲಿ ಅಚ್ಚು ಹಾಕಿಸಿದ ತಮ್ಮ ಪುಸ್ತಕದಲ್ಲಿ ಬ್ಯಾಂಬೂ ಮಾಡುವ ಕ್ರಮ ಕೊಟ್ಟು, ಇದು ಯೊಕೊಹಾಮಾದ ಎಪಿಂಗರ್ ಅವರದ್ದು ಅಂತ ಬರೆದಿದ್ದಾರೆ. ಹಾಗಂತ ಎಪಿಂಗರ್ ಅವರೇ ಕಂಡುಹಿಡಿದರು ಅಂತ ನಾನು ಹೇಳಲಾರೆ. 1886ರಲ್ಲೇ, ಅಂದರೆ ಅವರು ಜಪಾನಿಗೆ ಹೋಗುವ ಮುಂಚೆಯೇ, ಅಮೆರಿಕದ ಒಂದು ಪತ್ರಿಕೆಯಲ್ಲಿ ಬ್ಯಾಂಬೂ ಅನ್ನುವ ಶೆರಿ-ವರ್ಮುತ್ ಡ್ರಿಂಕಿನ ಪ್ರಸ್ತಾಪ ಇದೆ. ಅದನ್ನು ಊರೂರಿಗೆ ಪರಿಚಯ ಮಾಡಿಸಿದವರು ಅವರು ಅಂದರೆ ಸರಿಹೋಗುತ್ತದೆ. ಯುರೋಪಿನಿಂದ ತಿಂಗಳುಗಟ್ಟಲೆ ದೂರದ ಬಂದರಿನಲ್ಲಿ, ಕೆಡದೆ ಬಂದು ಸೇರುವ ಎರಡು ವೈನ್‌ಗಳಿಂದ ಮಾಡಬಹುದಾದ ಡ್ರಿಂಕ್ ಇದು. ಅಲ್ಲಿ ನೆಲೆ ಕಂಡಿದ್ದರಲ್ಲಿ ನನಗಂತೂ ಆಶ್ಚರ್ಯ ಇಲ್ಲ. ಗ್ರ್ಯಾಂಡ್ ಹೋಟೆಲ್ 1923ರ ಭೂಕಂಪದಲ್ಲಿ ನಾಶವಾಯಿತು. 1927ರಲ್ಲಿ ಅದೇ ಊರಿನಲ್ಲಿ ಹೋಟೆಲ್ ನ್ಯೂ ಗ್ರ್ಯಾಂಡ್ ಬಂತು. ಅಲ್ಲಿನ ಬಾರ್‌ನಲ್ಲಿ ಬ್ಯಾಂಬೂ ಯೊಕೊಹಾಮಾದ ಡ್ರಿಂಕ್ ಅಂತಲೇ ಕೊಡುತ್ತಾರೆ.

ಇನ್ನು ಮಾಡುವ ಕೆಲಸ. ಅದು ಶುರುವಾಗುವುದು ಐಸ್‌ನಿಂದ ಅಲ್ಲ, ಬಾಟಲಿಯಿಂದ.

ಪೀಪಾಯಿಯಲ್ಲಿ ಫಿನೋವನ್ನು ಫ್ಲೋರ್ ಕಾಯುತ್ತಿತ್ತು. ಬಾಟಲಿಯಲ್ಲಿ ಕಾಯುವವರು ಯಾರೂ ಇಲ್ಲ. ಮುಚ್ಚಳ ತೆಗೆದ ಕ್ಷಣದಿಂದ ಗಾಳಿ ಕೆಲಸ ಶುರು ಮಾಡುತ್ತದೆ. ತೆರೆದ ಫಿನೋವನ್ನು ಫ್ರಿಜ್ಜಿನಲ್ಲಿಡಿ, ಒಂದು ವಾರದೊಳಗೆ ಮುಗಿಸಿ. ವರ್ಮುತ್‌ಗೆ ಒಂದು ತಿಂಗಳು ಕೊಡಬಹುದು, ಅದೂ ಫ್ರಿಜ್ಜಿನಲ್ಲೇ. ಎಷ್ಟೋ ಬಾರ್‌ಗಳಲ್ಲಿ ವರ್ಮುತ್ ಬಾಟಲಿ ವಿಸ್ಕಿ ಪಕ್ಕದಲ್ಲಿ, ಲೈಟಿನ ಕೆಳಗೆ, ಆರು ತಿಂಗಳಿಂದ ನಿಂತಿರುತ್ತದೆ. ಇದನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಅದು ವೈನ್. ವೈನ್ ಅಂತಲೇ ನೋಡಿಕೊಳ್ಳಬೇಕು. ನಮ್ಮಲ್ಲಿ ಶೆರಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಆಮದು ಸುಂಕ ಸೇರಿ ದುಬಾರಿ. ಹೊರದೇಶದಿಂದ ಬರುವವರ ಹತ್ತಿರ ತರಿಸುವುದಾದರೆ 375 ಎಂಎಲ್‌ನ ಅರ್ಧ ಬಾಟಲಿ ಕೇಳಿ. ಎಂಟು ಡ್ರಿಂಕ್ ಆಗುತ್ತದೆ. ನಾಲ್ಕು ಜನ ಬಂದ ದಿನ ತೆಗೆದರೆ ಅವತ್ತೇ ಮುಗಿಯುತ್ತದೆ. ‘ಕ್ರೀಮ್ ಶೆರಿ’ ಅಂತ ಬರೆದಿದ್ದರೆ ಬೇಡ, ಅದು ಸಿಹಿ.

ಫ್ರಿಜ್ಜಿನಲ್ಲಿಡಿ ಅಂದದ್ದಕ್ಕೆ ಇನ್ನೊಂದು ಕಾರಣ ನೀರು. ಒಂದು ಗ್ರಾಂ ಐಸ್ ಕರಗುವಾಗ 80 ಗ್ರಾಂ ನೀರನ್ನು ಒಂದು ಡಿಗ್ರಿ ತಣ್ಣಗೆ ಮಾಡುವಷ್ಟು ಶಾಖ ಹೀರುತ್ತದೆ. ಈಗ 28 ಡಿಗ್ರಿಯ ಕೋಣೆಯಲ್ಲಿಟ್ಟ ವೈನ್ 90 ಎಂಎಲ್ ತೆಗೆದುಕೊಳ್ಳಿ. ಅದು ಸೊನ್ನೆಗೆ ಇಳಿಯಬೇಕಾದರೆ ಸುಮಾರು 30 ಗ್ರಾಂ ಐಸ್ ಕರಗಬೇಕು. ಅಷ್ಟೂ ನೀರು ಡ್ರಿಂಕಿಗೆ ಸೇರಿತು. ಅದೇ ವೈನ್ 5 ಡಿಗ್ರಿಯಲ್ಲಿದ್ದರೆ ಕರಗಬೇಕಾದದ್ದು 6 ಗ್ರಾಂ ಆಸುಪಾಸು. ಗ್ಲಾಸಿನ ಬಿಸಿ, ಕೈಯ ಬಿಸಿ ಎಲ್ಲ ಸೇರಿ ಇನ್ನಷ್ಟು ಆಗುತ್ತದೆ ಅನ್ನಿ. ವಿಸ್ಕಿಯಂಥ ಖಾರದ ಪಾನೀಯಕ್ಕೆ 30 ಗ್ರಾಂ ನೀರು ಒಳ್ಳೆಯದೇ. ಆದರೆ ಫಿನೋ ಮೊದಲೇ ಶೇ. 15. ಅದಕ್ಕೆ ಮೂರನೇ ಒಂದು ಪಾಲು ನೀರು ಸೇರಿದರೆ ಬಾದಾಮಿಯೂ ಇಲ್ಲ, ಉಪ್ಪೂ ಇಲ್ಲ, ತೊಳೆದ ನೀರಿನ ಹಾಗಿರುತ್ತದೆ. ನನ್ನ ನಾಲಿಗೆಗೆ 15ರಿಂದ 20 ಎಂಎಲ್ ನೀರು ಸರಿ. ಅಷ್ಟಕ್ಕೆ ನಿಲ್ಲಬೇಕು ಅಂದರೆ ಬಾಟಲಿಗಳು ತಣ್ಣಗಿರಬೇಕು, ತಿರುಗಿಸುವ ಗ್ಲಾಸ್ ತಣ್ಣಗಿರಬೇಕು, ಕುಡಿಯುವ ಗ್ಲಾಸೂ ತಣ್ಣಗಿರಬೇಕು.

ಐಸ್ ಫ್ರೀಜರ್‌ನಿಂದ ಆಗಷ್ಟೇ ತೆಗೆದದ್ದಾಗಿರಲಿ. ಹೊರಗಿಟ್ಟು ಬೆವರಿದ ಐಸ್ ಮೇಲಿನ ನೀರೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ತುಂಡು ಒಳ್ಳೆಯದು, ನಿಧಾನಕ್ಕೆ ಕರಗುತ್ತದೆ. ಮನೆಯ ಫ್ರೀಜರ್‌ನಲ್ಲಿ ಮೀನೋ, ರುಬ್ಬಿದ ಮಸಾಲೆಯೋ ಇದ್ದರೆ ಐಸ್ ಟ್ರೇಗೆ ಮುಚ್ಚಳ ಹಾಕಿ. ಫಿನೋ ಸೂಕ್ಷ್ಮ, ಆ ವಾಸನೆ ತಪ್ಪದೆ ಕಾಣಿಸಿಕೊಳ್ಳುತ್ತದೆ.

ಅಳತೆಗೆ ಪೆಗ್ ಮೆಷರ್ ಸಾಕು. ಶೆರಿ ಒಂದೂವರೆ ಸ್ಮಾಲ್, ವರ್ಮುತ್ ಒಂದೂವರೆ ಸ್ಮಾಲ್. ಆರೆಂಜ್ ಬಿಟರ್ಸ್ ಎರಡು ಡ್ಯಾಶ್, ಅಂದರೆ ಬಾಟಲಿಯನ್ನು ಎರಡು ಸಲ ಕೊಡವಿದಷ್ಟು. ಅಂಗೊಸ್ಟುರಾ ಬಿಟರ್ಸ್ ಎರಡೇ ಹನಿ. ಡ್ಯಾಶ್ ಅಲ್ಲ, ಹನಿ. ಬೂತ್‌ಬಿಯವರ ಪುಸ್ತಕದಲ್ಲೂ ಹೀಗೇ ಇದೆ, ಮತ್ತು ಇದು ಬಹಳ ವಿವೇಕದ ಅಳತೆ. ಅಂಗೊಸ್ಟುರಾದ ಲವಂಗದಂಥ ವಾಸನೆ ಒಂಚೂರು ಜಾಸ್ತಿಯಾದರೂ ಫಿನೋ ಅದರ ಹಿಂದೆ ಹೋಗಿಬಿಡುತ್ತದೆ.

ಶೇಕ್ ಮಾಡಬೇಡಿ. ಶೇಕ್ ಮಾಡಿದರೆ ಗಾಳಿಗುಳ್ಳೆ, ಐಸ್ ಚೂರು ಸೇರಿ ಡ್ರಿಂಕ್ ಮಬ್ಬಾಗುತ್ತದೆ, ನೀರೂ ಬೇಗ ಸೇರುತ್ತದೆ. ನಿಂಬೆರಸ, ಹಾಲು, ಮೊಟ್ಟೆ ಇದ್ದರೆ ಶೇಕ್. ಬರೀ ವೈನ್, ಸ್ಪಿರಿಟ್ ಇದ್ದರೆ ಚಮಚದಲ್ಲಿ ತಿರುಗಿಸುವುದು. ಉದ್ದನೆಯ ಚಮಚದ ಬೆನ್ನು ಗ್ಲಾಸಿನ ಒಳಗೋಡೆಗೆ ತಾಗಿರಲಿ. ಬೆರಳುಗಳ ನಡುವೆ ಚಮಚ ಸುತ್ತಲಿ, ಮಣಿಕಟ್ಟು ಅಲುಗಾಡುವುದು ಬೇಡ. ಐಸ್ ತುಂಡುಗಳೆಲ್ಲ ಒಂದೇ ಗಡ್ಡೆಯ ಹಾಗೆ ಒಟ್ಟಿಗೆ ತಿರುಗಬೇಕು. ಟಣಟಣ ಅಂತ ಸದ್ದು ಬಂದರೆ ಐಸ್ ಒಡೆಯುತ್ತಿದೆ ಅಂತ ಅರ್ಥ. ಬಾಟಲಿಗಳು ತಣ್ಣಗಿದ್ದರೆ 20 ಸೆಕೆಂಡ್ ಹತ್ತಿರ ಒಂದು ಹನಿ ರುಚಿ ನೋಡಿ. ಮೊದಲು ಬಿಟರ್ಸ್ ಬೇರೆ, ವೈನ್ ಬೇರೆ ಅನ್ನಿಸುತ್ತದೆ. ಆಮೇಲೆ ಒಂದು ಹಂತದಲ್ಲಿ ಎಲ್ಲ ಕೂಡಿಕೊಳ್ಳುತ್ತದೆ, ಕಹಿ ಹಿಂದಕ್ಕೆ ಸರಿದು ಉಪ್ಪು ಮುಂದೆ ಬರುತ್ತದೆ. ಅಲ್ಲಿ ನಿಲ್ಲಿಸಿ, ಸೋಸಿಬಿಡಿ.

ಮೇಲೆ ನಿಂಬೆ ಸಿಪ್ಪೆ. ನಮ್ಮ ಸಣ್ಣ ನಿಂಬೆಹಣ್ಣಿನ ಸಿಪ್ಪೆ ತೆಳ್ಳಗೆ, ಹಿಂಡಿದರೆ ಎಣ್ಣೆ ಹಾರುವುದು ಕಡಿಮೆ. ಗಜನಿಂಬೆ ಸಿಕ್ಕರೆ ಅದನ್ನು ಉಪಯೋಗಿಸಿ. ಒಳಗಿನ ಬಿಳಿ ಭಾಗ ಬರದ ಹಾಗೆ ಹೆಬ್ಬೆರಳಗಲ ಸಿಪ್ಪೆ ಕೊಯ್ದು, ಹೊರಮೈ ಡ್ರಿಂಕಿನ ಕಡೆ ಮಾಡಿ ಹಿಂಡಿ. ಬೆಳಕಿಗೆ ಹಿಡಿದರೆ ಎಣ್ಣೆಯ ತುಂತುರು ಮೇಲೆ ಬೀಳುವುದು ಕಾಣುತ್ತದೆ.

ಸಭೆಯಲ್ಲಿ ಒಬ್ಬರು, ಇದು ತೀರಾ ಒಣ ಅನ್ನಿಸಿದರೆ ಸಕ್ಕರೆ ಪಾಕ ಹಾಕಬಹುದಾ ಅಂತ ಕೇಳಿದರು. ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಡ್ರೈ ವರ್ಮುತ್‌ನಲ್ಲಿ 15 ಎಂಎಲ್ ಕಡಿಮೆ ಮಾಡಿ ಅಷ್ಟೇ ಬಿಯಾಂಕೋ ವರ್ಮುತ್, ಅಂದರೆ ಬಿಳಿ ಬಣ್ಣದ ಸಿಹಿ ವರ್ಮುತ್ ಹಾಕಿ. ಸಿಹಿಯ ಜೊತೆ ಗಿಡಮೂಲಿಕೆಯ ಘಮವೂ ಬರುತ್ತದೆ. ಇನ್ನೂ ಸಿಹಿ ಬೇಕಾ? ಹಾಗಿದ್ದರೆ ಅಡೋನಿಸ್ ಮಾಡಿ. ಡ್ರೈ ಬದಲು ಕೆಂಪು ಸಿಹಿ ವರ್ಮುತ್, ಎರಡು ಡ್ಯಾಶ್ ಆರೆಂಜ್ ಬಿಟರ್ಸ್, ನಿಂಬೆ ಬದಲು ಕಿತ್ತಳೆ ಸಿಪ್ಪೆ. 1884ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿ 600ಕ್ಕೂ ಹೆಚ್ಚು ಪ್ರದರ್ಶನ ಕಂಡ ಒಂದು ಸಂಗೀತ ನಾಟಕದ ಹೆಸರು ಈ ಡ್ರಿಂಕಿಗೆ ಬಂದಿದೆ. ಸಿಹಿ ವರ್ಮುತ್‌ನಲ್ಲಿ ಲೀಟರಿಗೆ ಕನಿಷ್ಠ 130 ಗ್ರಾಂ ಸಕ್ಕರೆ ಇರುತ್ತದೆ. ಹಾಗಾಗಿ ಅಡೋನಿಸ್‌ನ ಒಂದು ಗ್ಲಾಸಿನಲ್ಲಿ ಸುಮಾರು 6 ಗ್ರಾಂ ಅಂತೂ ಬಂದೇ ಬರುತ್ತದೆ. ಚಳಿಯ ಸಂಜೆಗೆ ಚೆನ್ನ. ಸೆಕೆಗೆ ಬ್ಯಾಂಬೂ.

ಇನ್ನೊಬ್ಬರ ಪ್ರಶ್ನೆ, ಜೊತೆಗೆ ಏನು ತಿನ್ನಬೇಕು ಅಂತ. ಹೆರೆಸ್‌ನಲ್ಲಿ ಆಲಿವ್, ಹುರಿದ ಬಾದಾಮಿ, ಒಣಗಿಸಿದ ಮಾಂಸ ಕೊಡುತ್ತಾರೆ. ನಮ್ಮಲ್ಲಿ ಉಪ್ಪು ಹಾಕಿ ಹುರಿದ ಗೋಡಂಬಿ ಚೆನ್ನಾಗಿ ಹೊಂದುತ್ತದೆ. ಕರಾವಳಿಯ ಕಡೆಯವರು ರವೆ ಹಚ್ಚಿ ಹುರಿದ ಕಾಣೆ ಮೀನು ಜೊತೆಗೆ ನೋಡಿ, ಖಾರ ಕಡಿಮೆ ಇರಲಿ. ಕಾಂಗ್ರೆಸ್ ಕಡ್ಲೆಕಾಯಿ ಆಗುತ್ತದೆ. ನಿಪ್ಪಟ್ಟಿನ ಖಾರ ಸ್ವಲ್ಪ ಜಾಸ್ತಿ, ಫಿನೋ ಸೋಲುತ್ತದೆ. ಬಾಟಲಿಯಲ್ಲಿ ಉಳಿದು ವಾರ ದಾಟಿದ ಶೆರಿಯನ್ನು ಚೆಲ್ಲಬೇಡಿ. ಅಣಬೆ ಹುರಿಯುವಾಗ ಕೊನೆಯಲ್ಲಿ ಎರಡು ಚಮಚ ಹಾಕಿ, ಬೆಂಕಿ ಜೋರು ಮಾಡಿ ಆವಿ ಹೋಗಲು ಬಿಡಿ.